ಶಿಖರಗಳ ಕಥೆ – ಭಾಗ 4: ಡೆನಾಲಿಯ ತುದಿ ಮುಟ್ಟಿದ ಮೊದಲ ಹುಡುಗ

ಬೆಟ್ಟ ಹತ್ತಿದ ತಕ್ಷಣ ನಾವು ಮಾಡೋ ಮೊದಲ ಕೆಲಸ ಏನು? ಫೋಟೋ! 1906ರಲ್ಲಿ ಅಮೆರಿಕದ ಡಾಕ್ಟರ್ ಫ್ರೆಡರಿಕ್ ಕುಕ್ ಕೂಡ ಅದನ್ನೇ ಮಾಡಿದ. ಉತ್ತರ ಅಮೆರಿಕದ ಅತಿ ಎತ್ತರದ ಶಿಖರ ಹತ್ತಿದೆ ಅಂತ ಹೇಳಿ, ಜೊತೆಗಾರ ತುದಿಯಲ್ಲಿ ಬಾವುಟ ಹಿಡಿದು ನಿಂತ ಫೋಟೋ ತೋರಿಸಿದ. ತುಂಬಾ ಜನ ನಂಬಿಯೂಬಿಟ್ಟರು. 1910ರಲ್ಲಿ ಬೇರೆ ಆರೋಹಿಗಳು ಹೋಗಿ ಆ ಫೋಟೋ ತೆಗೆದ ಜಾಗ ಹುಡುಕಿದರು. ಅದು ನಿಜವಾದ ಶಿಖರದಿಂದ ಸುಮಾರು 30 ಕಿ.ಮೀ. ದೂರದ ಒಂದು ಸಣ್ಣ ಗುಡ್ಡ! ಅದಕ್ಕೆ ಈಗಲೂ ‘ಫೇಕ್ ಪೀಕ್’ ಅಂತಲೇ ಹೆಸರು.

ಆ ನಿಜವಾದ ಶಿಖರವೇ ಅಲಾಸ್ಕಾದ ಡೆನಾಲಿ. ಎತ್ತರ 6,190 ಮೀಟರ್. ಎವರೆಸ್ಟ್‌ಗಿಂತ ಕಡಿಮೆ ನಿಜ, ಆದರೆ ಇದು ಆರ್ಕ್ಟಿಕ್ ವೃತ್ತದಿಂದ ಬರೀ 400 ಕಿ.ಮೀ. ದಕ್ಷಿಣಕ್ಕಿದೆ. ಅಲ್ಲಿನ ಚಳಿ, ಬಿರುಗಾಳಿ ನಮ್ಮ ಊಹೆಗೂ ಸಿಗಲ್ಲ.

ಡೆನಾಲಿಗೆ ಎರಡು ತುದಿ. 1910ರಲ್ಲಿ ಪರ್ವತಾರೋಹಣದ ತರಬೇತಿಯೇ ಇಲ್ಲದ ಇಬ್ಬರು ಚಿನ್ನದ ಗಣಿಗಾರರು 14 ಅಡಿಯ ಮರದ ಕಂಬ ಹೊತ್ತುಕೊಂಡು ಹೋಗಿ ಉತ್ತರದ ತುದಿಯ ಹತ್ತಿರ ನೆಟ್ಟು ಬಂದರು. ಆದರೆ ಹೆಚ್ಚು ಎತ್ತರ ಇರೋದು ದಕ್ಷಿಣದ ತುದಿ.

ಅಲ್ಲಿಗೆ 1913ರ ಜೂನ್ 7ರಂದು ನಾಲ್ವರು ತಲುಪಿದರು. ತಂಡ ಕಟ್ಟಿದವರು ಹಡ್ಸನ್ ಸ್ಟಕ್ ಎಂಬ ಪಾದ್ರಿ. ಎಲ್ಲರಿಗಿಂತ ಮುಂದೆ ನಡೆದು ಮೊದಲು ತುದಿ ಮುಟ್ಟಿದವನು ವಾಲ್ಟರ್ ಹಾರ್ಪರ್. ವಯಸ್ಸು 20! ತಾಯಿ ಅಲಾಸ್ಕಾದ ಮೂಲನಿವಾಸಿ ಕೊಯುಕಾನ್ ಸಮುದಾಯದವರು, ತಂದೆ ಐರ್ಲೆಂಡ್‌ನಿಂದ ಬಂದವರು. ನಾಯಿಬಂಡಿ ಓಡಿಸೋದು, ಬೇಟೆ, ದಾರಿ ತೋರಿಸೋದು ಎಲ್ಲದರಲ್ಲೂ ಪಳಗಿದ ಕೈ. ಉತ್ತರದ ತುದಿಯಲ್ಲಿದ್ದ ಆ ಗಣಿಗಾರರ ಕಂಬ ಮೊದಲು ಕಂಡಿದ್ದೂ ಅವನ ಕಣ್ಣಿಗೇ.

ಈಗ ಹೆಸರಿನ ವಿಷಯಕ್ಕೆ ಬರೋಣ. ‘ಡೆನಾಲಿ’ ಅನ್ನೋದು ಹಾರ್ಪರ್ ತಾಯಿಯ ಭಾಷೆಯ ಪದ, ಅರ್ಥ ‘ಎತ್ತರದವನು’. ಆದರೆ 1896ರಲ್ಲಿ ಚಿನ್ನ ಹುಡುಕಲು ಬಂದ ಒಬ್ಬ, ಆಗ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಮೆಕಿನ್ಲಿ ಹೆಸರನ್ನು ಈ ಪರ್ವತಕ್ಕೆ ಇಟ್ಟ. ಮೆಕಿನ್ಲಿ ಅಲಾಸ್ಕಾಕ್ಕೆ ಒಮ್ಮೆಯೂ ಕಾಲಿಟ್ಟವರಲ್ಲ! ಮೂಲ ಹೆಸರೇ ಉಳಿಯಲಿ ಅಂತ ಸ್ಟಕ್ 1914ರ ತಮ್ಮ ಪುಸ್ತಕದಲ್ಲೇ ಕೇಳಿಕೊಂಡರು. ಆದರೂ 1917ರಲ್ಲಿ ಮೆಕಿನ್ಲಿ ಹೆಸರೇ ಅಧಿಕೃತವಾಯ್ತು. 1975ರಲ್ಲಿ ಅಲಾಸ್ಕಾ ರಾಜ್ಯವೇ ಹೆಸರು ಬದಲಿಸಿ ಅಂತ ಕೇಂದ್ರ ಸರ್ಕಾರವನ್ನು ಕೇಳಿತು. ಮೆಕಿನ್ಲಿಯ ತವರು ಓಹಾಯೋದ ರಾಜಕಾರಣಿಗಳು ವರ್ಷಗಟ್ಟಲೆ ಅಡ್ಡಗಾಲು ಹಾಕಿದರು. 2015ರಲ್ಲಿ ಒಬಾಮಾ ಸರ್ಕಾರ ‘ಡೆನಾಲಿ’ ಅಂತ ಬದಲಿಸಿತು. 2025ರಲ್ಲಿ ಟ್ರಂಪ್ ಆದೇಶದಿಂದ ಮತ್ತೆ ‘ಮೆಕಿನ್ಲಿ’. ಸುತ್ತಲಿನ ರಾಷ್ಟ್ರೀಯ ಉದ್ಯಾನದ ಹೆಸರು ಮಾತ್ರ ಇನ್ನೂ ಡೆನಾಲಿಯೇ.

ಹಾರ್ಪರ್‌ಗೆ ಡಾಕ್ಟರ್ ಆಗಿ ತನ್ನ ಜನರ ಸೇವೆ ಮಾಡುವ ಆಸೆ ಇತ್ತು. 1918ರ ಅಕ್ಟೋಬರ್‌ನಲ್ಲಿ, ಮದುವೆಯಾದ ಕೆಲವೇ ವಾರಗಳಲ್ಲಿ, ಹೆಂಡತಿ ಜೊತೆ ‘ಪ್ರಿನ್ಸೆಸ್ ಸೋಫಿಯಾ’ ಹಡಗು ಹತ್ತಿದ. ಹಡಗು ಮುಳುಗಿತು. ಅದರಲ್ಲಿದ್ದ 340ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಲಿಲ್ಲ. ಅವನಿಗಿನ್ನೂ 25.

ನಕ್ಷೆಯಲ್ಲಿ ಹೆಸರು ಬರೆಯೋರು ದೂರದ ಕಚೇರಿಯಲ್ಲಿ ಕೂತಿರ್ತಾರೆ. ಪರ್ವತದ ಕೆಳಗೆ ತಲೆಮಾರುಗಳಿಂದ ಬಾಳಿದವರು ಮಾತ್ರ ಅದನ್ನು ಕರೆಯೋ ಹೆಸರು ಬಿಟ್ಟಿಲ್ಲ. ಈಗ ನೀವು ಹೇಳಿ, ಒಂದು ಪರ್ವತಕ್ಕೆ ಹೆಸರಿಡುವ ಹಕ್ಕು ಯಾರದ್ದು? ಕಾಮೆಂಟ್‌ನಲ್ಲಿ ಮಾತಾಡೋಣ 👇

#ಶಿಖರಗಳಕಥೆ #ಡೆನಾಲಿ #ವಾಲ್ಟರ್‌ಹಾರ್ಪರ್ #ಕನ್ನಡದಲ್ಲಿಇತಿಹಾಸ