ಕಟ್ಟುವ ಹಗ್ಗದ ಋಣ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಕೋಟೆ, ಶಾಸನ, ದಂಡಯಾತ್ರೆಗಳು ಬಂದು ನಿಲ್ಲುತ್ತವೆ. ದನ ಕಟ್ಟುವ ಹಗ್ಗಕ್ಕೂ ಒಂದು ಇತಿಹಾಸ ಉಂಟೆಂದರೆ ಓದುಗರು ನಕ್ಕಾರು. ನಾನೂ ಒಂದು ಕಾಲಕ್ಕೆ ನಕ್ಕವನೇ. ಆದರೆ ಕಳೆದ ಬೇಸಗೆಯಲ್ಲಿ ಗಲಗಲಿಯ ನಮ್ಮ ಹಳೆಯ ಮನೆಯನ್ನು ತೆರವು ಮಾಡುವಾಗ, ಗೋದಲಿಯ ಮೇಲಿನ ಗೂಟಕ್ಕೆ ಸುರುಳಿ ಸುತ್ತಿ ತೂಗುಹಾಕಿದ್ದ ಒಂದು ಕಣ್ಣಿ ಕೈಗೆ ಸಿಕ್ಕಿತು. ಎತ್ತುಗಳು ಆ ಮನೆಯನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹಗ್ಗ ಪುಡಿಯಾಗಿರಬೇಕೆಂದುಕೊಂಡು ಅದರ ಹುರಿಯನ್ನು ಬಿಚ್ಚಿ ನೋಡಿದೆ. ಹೊರಗೆ ಕಪ್ಪಗಾಗಿದ್ದರೂ ಒಳಗಿನ ನಾರು ಇನ್ನೂ ಬೆಳ್ಳಗೆ ಗಟ್ಟಿಯಾಗಿತ್ತು. ಅದನ್ನು ಕಡೆಯ ಸಲ ತೊಳೆದು ಒಣಗಿಸಿ ತೂಗುಹಾಕಿದವನು ನನ್ನ ಅಜ್ಜ.

ಗಲಗಲಿ ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಊರು. ಗಾಲವ ಋಷಿಗಳ ನೆಲವೆಂದು ಹಿರಿಯರು ಹೇಳುತ್ತಾರೆ. ಹಾಡು ಕಟ್ಟಿದ ಗಲಗಲಿ ಅವ್ವನಿಂದಾಗಿ ಹರಿದಾಸ ಸಾಹಿತ್ಯದಲ್ಲಿಯೂ ಇದಕ್ಕೆ ಹೆಸರಿದೆ. ನನ್ನ ಬಾಲ್ಯದಲ್ಲಿ ಮಾತ್ರ ನನಗೆ ತಿಳಿದಿದ್ದ ಗಲಗಲಿಯೆಂದರೆ ಎರೆಹೊಲ, ಬಿಳಿಜೋಳ ಮತ್ತು ಎತ್ತು. ಒಕ್ಕಲುತನದ ಮನೆಯಲ್ಲಿ ಹಗ್ಗವಿಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಕೊರಳಿಗೆ ಕಟ್ಟುವ ಕಣ್ಣಿ, ಮೂಗಿಗೆ ಪೋಣಿಸುವ ಮೂಗುದಾಣ, ಸಾಲಾಗಿ ದನಗಳನ್ನು ಕಟ್ಟುವ ದಾವಣಿ, ನೊಗಕ್ಕೆ ಬಿಗಿಯುವ ತೊಗಲಿನ ಮಿಣಿ, ಮೇವು ಹೇರುವ ಉದ್ದನೆಯ ಹಗ್ಗ ಇವೆಲ್ಲಕ್ಕೂ ಬೇರೆ ಬೇರೆ ಗೂಟಗಳಿದ್ದವು. ಒಂದರ ಗೂಟಕ್ಕೆ ಇನ್ನೊಂದನ್ನು ಹಾಕಿದರೆ ಅಜ್ಜ ಸಿಟ್ಟಾಗುತ್ತಿದ್ದ.

ನಮ್ಮ ಸೀಮೆಯ ಹಗ್ಗ ಹೆಚ್ಚಾಗಿ ಪುಂಡಿ ಇಲ್ಲವೆ ಸೆಣಬಿನ ನಾರಿನದು. ಪುಂಡಿಯ ಎಲೆ ಪಲ್ಯಕ್ಕಾಗುತ್ತದೆ, ದಂಟು ಹಗ್ಗಕ್ಕಾಗುತ್ತದೆ. ದಂಟುಗಳನ್ನು ಕೊಯ್ದು ಸಿವುಡು ಕಟ್ಟಿ ಹೊಳೆಯ ಮಡುವಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದರು. ನೀರು ಬೆಚ್ಚಗಿದ್ದರೆ ಸೆಣಬು ಒಂದು ವಾರದೊಳಗೆ ಕೊಳೆಯುತ್ತದೆ. ಪುಂಡಿಗೆ ಇನ್ನೂ ಕೆಲವು ದಿನ ಹೆಚ್ಚು ಬೇಕು. ಕಡಿಮೆ ಕೊಳೆತರೆ ನಾರು ಬಿಡುವುದಿಲ್ಲ, ಹೆಚ್ಚು ಕೊಳೆತರೆ ನಾರಿಗೇ ಜೀವವಿರುವುದಿಲ್ಲ. ಆ ಮೇಲೆ ಸುಲಿದು, ಜಾಡಿಸಿ ತೊಳೆದು, ಒಣಗಿಸಿ ಹೊಸೆಯುವುದು. ಎಳೆಗಳನ್ನು ಒಂದು ಕಡೆಗೆ ತಿರುವಿ, ಅಂಥ ಮೂರು ಎಳೆಗಳನ್ನು ಕೂಡಿಸಿ ಎದುರು ಕಡೆಗೆ ತಿರುವುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ಹಗ್ಗ ನಿಲ್ಲುವುದು ಈ ಎದುರುಬದುರಿನ ಸೆಳೆತದಿಂದಲೇ.

ಹೊಸೆಯುವುದು ಬೇರೆಯವರ ಕೆಲಸ. ಕಾಯುವುದು ನಮ್ಮ ಮನೆಯ ಕೆಲಸ. ಅಜ್ಜ ಹದಿನೈದು ದಿನಕ್ಕೊಮ್ಮೆ ಕಣ್ಣಿಗಳನ್ನೆಲ್ಲ ಬಿಚ್ಚಿ ಹೊಳೆಗೆ ಒಯ್ಯುತ್ತಿದ್ದ. ಎತ್ತಿನ ಬೆವರು, ಸಗಣಿ, ಗಂಜಲ, ಎರೆಮಣ್ಣು ಎಲ್ಲವೂ ನಾರಿನೊಳಗೆ ಸೇರಿ ಒಣಗಿದರೆ ಹಗ್ಗ ಗರಗಸವಾಗುತ್ತದೆ. ಅವನ್ನು ಮೊದಲು ಒಂದು ತಾಸು ನೀರಲ್ಲಿ ನೆನೆಯಲು ಬಿಡಬೇಕು. ಬಟ್ಟೆಯಂತೆ ಬಂಡೆಗೆ ಬಡಿಯಬಾರದು, ಅಂಗೈಯಲ್ಲಿ ಉದ್ದಕ್ಕೂ ತಿಕ್ಕಬೇಕು. ಹಿಂಡುವಾಗ ಹುರಿಯ ದಿಕ್ಕಿಗೇ ಹಿಂಡಬೇಕು. ಎದುರು ಹಿಂಡಿದರೆ ಹುರಿ ಸಡಿಲಾಗುತ್ತದೆ. ಹಸಿಯಾದ ನಾರು ಉಬ್ಬಿ ಹಗ್ಗ ಗಿಡ್ಡಾಗುವುದರಿಂದ, ಎರಡು ಬೇವಿನ ಮರಗಳ ನಡುವೆ ಎಳೆದು ಕಟ್ಟಿ ನೆರಳಲ್ಲೇ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ಕೊರಳಿಗೆ ತಾಗುವ ಭಾಗಕ್ಕೆ ಮಾತ್ರ ಒಂದಿಷ್ಟು ಔಡಲೆಣ್ಣೆ ಸವರಬೇಕು. ಹಸಿ ಹಗ್ಗಕ್ಕೆ ಎಣ್ಣೆ ಹಚ್ಚಿದರೆ ನೀರು ಒಳಗೇ ಉಳಿದು ಕೊಳೆಯುತ್ತದೆ. ಮಿಣಿಗೆ ಬೇರೆ ಉಪಚಾರ: ಅದನ್ನು ನೆನೆಯಹಾಕದೆ ಒದ್ದೆ ಅರಿವೆಯಿಂದ ಒರೆಸಿ, ಬಿಸಿಲು ಬೆಂಕಿಗಳಿಂದ ದೂರವಿಟ್ಟು, ಎಣ್ಣೆ ತಿಕ್ಕಿ ಮೆತ್ತಗೆ ಮಾಡಬೇಕು.

ಸುಮಾರು 1958ರ ಮಾತು. ನನಗಾಗ ಹತ್ತು ವರ್ಷ. ಅಜ್ಜನಿಗೆ ಜ್ವರ ಬಂದು ಕಣ್ಣಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹೊಳೆಯಲ್ಲಿ ಈಜುವ ಆಸೆಗೆ ಹಗ್ಗಗಳನ್ನು ಒಮ್ಮೆ ಅದ್ದಿ, ಹಸಿಯಾಗಿಯೇ ತಂದು ಎತ್ತಿಗೆ ಕಟ್ಟಿದೆ. ಒಂದು ವಾರ ಹೀಗೆಯೇ ಹೋಯಿತು. ಜ್ವರ ಬಿಟ್ಟು ಎದ್ದ ಅಜ್ಜ ಗೋದಲಿಗೆ ಬಂದವನು ಎಡಗೋಲಿನ ಕೆಂದೆತ್ತಿನ ಕೊರಳ ಮೇಲೆ ಕೈಯಿಟ್ಟ. ಎತ್ತು ಮೈ ಹಿಂದಕ್ಕೆಳೆದುಕೊಂಡಿತು. ಕಣ್ಣಿಯ ಕೆಳಗೆ ನಾಲ್ಕು ಬೆರಳಗಲ ಹಸಿಗಾಯವಾಗಿ ನೊಣ ಮುತ್ತಿದ್ದವು. ಹೊಡೆದಾನೆಂದು ನಾನು ಹೆದರಿ ನಿಂತೆ. ಅವನು ಹೊಡೆಯಲಿಲ್ಲ. ಆ ಹಗ್ಗವನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿಸಿ ಮೆಲ್ಲಗೆ ಎಳೆದ. ಕೈ ಉರಿಯಿತು.

“ತಮ್ಮಾ, ಹಗ್ಗಕ್ಕ ಎರಡು ತುದಿ ಇರತಾವು. ಒಂದು ನಿನ್ನ ಕೈಯಾಗ, ಇನ್ನೊಂದು ಅದರ ಕೊಳ್ಳಾಗ. ನೀ ನಿನ್ನ ತುದಿ ಅಷ್ಟ ನೋಡಿದಿ,” ಎಂದ.

ಗಾಯ ಮಾಯುವ ತನಕ ಬೇವಿನೆಣ್ಣೆ, ಅರಿಷಿಣ ಹಚ್ಚುವುದು ನನ್ನ ಕೆಲಸವಾಯಿತು. ಎತ್ತು ಬಹಳ ದಿನ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಮುಂದೆ ಓದಲೆಂದು ಊರು ಬಿಟ್ಟ ಮೇಲೆ ಪುಸ್ತಕಗಳಲ್ಲಿಯೂ ಹಗ್ಗ ಎದುರಾಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂಲಿನ ಇಲಾಖೆಯ ಅಧ್ಯಕ್ಷನಿಗೇ ಹಗ್ಗದ ಹೊಣೆಯೂ ಇದೆ. ನೂಲು, ನಾರು, ಬೆತ್ತ, ಬಿದಿರುಗಳಿಂದ ಬಂಡಿಗೂ ಪಶುಗಳಿಗೂ ಬೇಕಾದ ಕಟ್ಟುಗಳನ್ನು ಅವನು ಮಾಡಿಸಬೇಕು. ಆದರೆ ಅರಸರ ಶಾಸ್ತ್ರಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ನಮ್ಮ ನೆರೆಯ ಶಿವಣಗಿಯವನೆಂದು ಹೇಳುವ 12ನೆಯ ಶತಮಾನದ ಶರಣ ನುಲಿಯ ಚಂದಯ್ಯನ ಕಥೆ. ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದಿತಂತೆ. ಅವನು ಕಾಯಕ ನಿಲ್ಲಿಸಿ ಅದನ್ನು ಎತ್ತಿಕೊಳ್ಳಲಿಲ್ಲ. ಲಿಂಗವೇ ಅವನ ಬೆನ್ನು ಹತ್ತಿತು. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ ಮೇಲೆ ಆ ಲಿಂಗವೂ ಹಗ್ಗ ಮಾರಲು ಹೋಗಬೇಕಾಯಿತು ಎಂದು ಕಥೆ. ದೇವರಿಗೂ ಕಾಯಕದ ಕಟ್ಟು ತಪ್ಪಲಿಲ್ಲ. ಕೊರಮ ಸಮಾಜದವರು ಚಂದಯ್ಯನನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ನೂಲಹುಣ್ಣಿಮೆಯ ದಿನ ಅವನ ಜಯಂತಿ ನಡೆಯುತ್ತದೆ.

ಆದರೆ ಅದೇ ಜನರ ಪಾಡು ಮುಂದೆ ಏನಾಯಿತು ನೋಡಿ. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾನೂನನ್ನು ತಂದಿತು; 1911ರಲ್ಲಿ ಅದನ್ನು ದೇಶದುದ್ದಕ್ಕೂ ಹಬ್ಬಿಸಿತು. ಹುಟ್ಟಿದ ಕುಲದಿಂದಲೇ ಮನುಷ್ಯನನ್ನು ಕಳ್ಳನೆಂದು ಬರೆದುಕೊಳ್ಳುವ ಕಾನೂನದು. ಊರೂರು ತಿರುಗಿ ಹಗ್ಗ, ಬುಟ್ಟಿ ಮಾರುತ್ತಿದ್ದ ಕೊರಮ, ಕೊರಚರಂಥ ಜನ ಅದರಲ್ಲಿ ಸಿಕ್ಕಿದರು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಕೂಡಿಹಾಕಲು ಸೆಟ್ಲಮೆಂಟುಗಳಾದವು. ಹಾಜರಿ ಕೊಡದೆ, ಪರವಾನಗಿ ಇಲ್ಲದೆ ಬೇರೆ ಊರಿಗೆ ಹೋಗುವಂತಿರಲಿಲ್ಲ. ನಮ್ಮ ಮನೆಗೆ ಹಗ್ಗ ತರುತ್ತಿದ್ದ ಮುದುಕನೊಬ್ಬನ ವಿಷಯವನ್ನು ಅಜ್ಜ ಹೇಳುತ್ತಿದ್ದ: ಎಷ್ಟು ಹೇಳಿದರೂ ಆತ ಊಟಕ್ಕೆ ಕೂಡುತ್ತಿರಲಿಲ್ಲವಂತೆ, ಹೊತ್ತು ಮುಳುಗುವ ಮೊದಲು ಹಾಜರಿಗೆ ನಿಲ್ಲಬೇಕೆಂದು. ನಮ್ಮ ಎತ್ತಿಗೆ ಮೆತ್ತನೆಯ ಹಗ್ಗ ಹೊಸೆದುಕೊಟ್ಟವನ ಕಾಲಿಗೇ ಹಗ್ಗ ಬಿದ್ದಿತ್ತು. ಆ ಕಟ್ಟು ಬಿಚ್ಚಿದ್ದು 1952ರ ಆಗಸ್ಟ್ 31ರಂದು. ಮಿಣಿ ಮಾಡಿ ಕೊಡುತ್ತಿದ್ದ ಮಾದರ ಕೇರಿಯವರಿಗೂ ವರ್ಷದ ಆಯದ ಕಾಳು ಸಿಗುತ್ತಿತ್ತೇ ಹೊರತು ನಮ್ಮ ಪಡಸಾಲೆಯ ಮೇಲೆ ಕೂಡ್ರುವ ಹಕ್ಕು ಸಿಗುತ್ತಿರಲಿಲ್ಲ. ಎತ್ತಿನ ಕೊರಳ ತುದಿಯನ್ನು ಅಷ್ಟು ನೋಡಿದ ನನ್ನ ಅಜ್ಜ ಈ ತುದಿಯನ್ನು ನೋಡಿದನೆಂದು ಹೇಳಲು ನನಗೆ ಧೈರ್ಯವಿಲ್ಲ. ಸತ್ಯವನ್ನು ಬರೆಯದಿದ್ದರೆ ಇದು ಇತಿಹಾಸವಾಗದು.

ಆಮೇಲಿನದು ನಮ್ಮ ಕಾಲದ ಕಥೆ. 1935ರಲ್ಲಿ ಅಮೆರಿಕೆಯ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿದ ನೈಲಾನ್ ಮತ್ತು ಅದರ ಹಿಂದೆ ಬಂದ ಬಣ್ಣದ ಪ್ಲಾಸ್ಟಿಕ್ ಹಗ್ಗಗಳು ನಮ್ಮ ಸಂತೆಗಳನ್ನೂ ತುಂಬಿದವು. ಅವು ಅಗ್ಗ, ಕೊಳೆಯುವುದಿಲ್ಲ. ಆದ್ದರಿಂದ ತೊಳೆಯಬೇಕೆಂದೂ ಯಾರಿಗೂ ಅನ್ನಿಸುವುದಿಲ್ಲ. ಆದರೆ ಅವು ಬೆವರನ್ನು ಹೀರುವುದಿಲ್ಲ, ಸವೆದಂತೆ ಮುಳ್ಳಾಗುತ್ತವೆ, ಜಗ್ಗಿದರೆ ಚರ್ಮವನ್ನು ಕೊಯ್ಯುತ್ತವೆ. ಇತ್ತ 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ, ಕೃಷ್ಣೆಯ ದಂಡೆಯ ಎಷ್ಟೋ ಹೊಲಗಳು ನೀರೊಳಗಾದವು. ಉಳಿದ ಹೊಲಗಳಿಗೆ ಕಬ್ಬು ಬಂದಿತು, ಟ್ರಾಕ್ಟರ್ ಬಂದಿತು. ಎತ್ತು ಹೋದ ಮನೆಯಲ್ಲಿ ಹಗ್ಗ ತೊಳೆಯುವವರೂ ಇಲ್ಲವಾದರು. ನೀರಾವರಿಯಿಂದ ಬಂದ ಒಳಿತನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಇಂದಿಗೂ ಹಳ್ಳಿಗಳಲ್ಲಿ ಎಮ್ಮೆ ಆಕಳುಗಳು ನೈಲಾನ್ ಕಣ್ಣಿಯಲ್ಲೇ ನಿಂತಿವೆ. ಪ್ರಾಣಿಗಳನ್ನು ತೀರ ಗಿಡ್ಡ ಇಲ್ಲವೆ ತೀರ ಭಾರದ ಹಗ್ಗ ಸರಪಳಿಗಳಲ್ಲಿ ಮಿತಿಮೀರಿ ಕಟ್ಟಿಹಾಕುವುದು ಅಪರಾಧವೆಂದು 1960ರ ಪ್ರಾಣಿಹಿಂಸೆ ತಡೆ ಕಾನೂನು ಹೇಳುತ್ತದೆ. ಕೊಳಕು ಹಗ್ಗದ ಮಾತು ಅದರಲ್ಲಿಲ್ಲ. ಅದನ್ನು ಕಟ್ಟುವವನ ಕೈಯೇ ತಿಳಿಯಬೇಕು.

ನಮ್ಮ ಕಡೆಯ ಕಾರಹುಣ್ಣಿಮೆಯನ್ನು ನೋಡಿದವರಿಗೆ ಗೊತ್ತು. ಹಿಂದಿನ ದಿನ ಹೊನ್ನುಗ್ಗಿಗೆ ಎತ್ತುಗಳ ಮೈತೊಳೆದು, ಹಬ್ಬಕ್ಕೆ ಹೊಸ ಮೂಗುದಾಣ, ಹೊಸ ಕಣ್ಣಿ ಹಾಕುತ್ತಾರೆ. ಸಂಜೆ ಅಗಸಿಯಲ್ಲಿ ನಾರಿನ ಹಗ್ಗಕ್ಕೆ ಬೇವಿನ ತಪ್ಪಲು ಕಟ್ಟಿ ಅಡ್ಡಲಾಗಿ ಬಿಗಿದು, ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಮೊದಲು ಬಂದ ಎತ್ತಿನ ಬಣ್ಣ ನೋಡಿ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಹೇಳುತ್ತಾರೆ. ವರ್ಷವೆಲ್ಲ ಕಟ್ಟಿದವರೇ ಒಂದು ದಿನ ಹಗ್ಗವನ್ನು ಹರಿಯಲೆಂದೇ ಕಟ್ಟುವ ಈ ಹಬ್ಬವನ್ನು ಯಾರು ಮೊದಲು ಮಾಡಿದರೋ, ಅವರು ಎತ್ತಿಗೆ ತಮ್ಮ ಸಾಲ ಉಂಟೆಂದು ಒಪ್ಪಿಕೊಂಡವರೆಂದೇ ನನಗೆ ತೋರುತ್ತದೆ.

ಗೋದಲಿಯ ಆ ಕಣ್ಣಿಯನ್ನು ನಾನು ಪಟ್ಟಣದ ಮನೆಗೆ ತಂದೆ. ಒಂದು ತಾಸು ನೆನೆಯಿಟ್ಟು, ಅಂಗೈಯಲ್ಲಿ ತಿಕ್ಕಿ, ಗಚ್ಚಿಯ ಮೇಲೆ ನೆರಳಲ್ಲಿ ಎಳೆದು ಕಟ್ಟಿದೆ. ಬಕೆಟ್ಟಿನ ನೀರು ಎರೆಮಣ್ಣಿನ ಬಣ್ಣಕ್ಕೆ ತಿರುಗಿತು. ಮೊಮ್ಮಗ ಬಂದು, “ಅಜ್ಜಾ, ಇದಕ್ಕ ಏನ ಕಟ್ಟಾಂವ?” ಎಂದು ಕೇಳಿದ. ಏನನ್ನೂ ಕಟ್ಟುವುದಿಲ್ಲವೆಂದೆ. ಆಮೇಲೆ ಅವನ ಅಂಗೈಯಲ್ಲಿ ಹಗ್ಗವನ್ನಿಟ್ಟು ಮುಷ್ಟಿ ಕಟ್ಟಿಸಿ ಮೆಲ್ಲಗೆ ಎಳೆದೆ. ಉರಿಯಿತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ.