ಕೀರ್ದಿ ವಹಿಯಲ್ಲಿ ಕಂಡ ಸರಕಾರಗಳು

ದೇಶದ ಇತಿಹಾಸವನ್ನು ಬರೆಯುವವರು ದಿಲ್ಲಿಯ ದಫ್ತರಗಳನ್ನು ಶೋಧಿಸುತ್ತಾರೆ, ಆಯೋಗಗಳ ವರದಿಗಳನ್ನು ಓದುತ್ತಾರೆ. ನಾನು ಇಂದು ನಿಮ್ಮ ಮುಂದೆ ಇಡಬಯಸುವ ಆಧಾರ ಅಷ್ಟು ದೊಡ್ಡದಲ್ಲ. ಅದು ನಮ್ಮ ತಂದೆಯವರ ಕೀರ್ದಿ ವಹಿ. ಕೆಂಪು ಅರಿವೆ ಹೊದಿಸಿ ದಾರದಿಂದ ಹೊಲಿದ ಆರು ಉದ್ದನೆಯ ಪುಸ್ತಕಗಳು. 1951ರಿಂದ 2003ರ ವರೆಗೆ, ಅಂದರೆ ಅವರ ಕೈ ನಡೆಯುವ ತನಕ, ಮನೆಯ ಜಮೆ ಖರ್ಚೆಲ್ಲ ಅವುಗಳಲ್ಲಿ ಇದೆ. ಬಿತ್ತುವ ಬೀಜ, ಎತ್ತಿನ ಲಾಳ, ಮಕ್ಕಳ ಪಾಟಿ, ದೇವರ ದೀಪದ ಎಣ್ಣೆ, ಹೀಗೆ ಸಾಲುಗಳು ಸಾಗುತ್ತವೆ. ನಡುನಡುವೆ ಒಂದು ಶಬ್ದ ಮಾತ್ರ ಬೇರೆ ಬಗೆಯದು: 'ಮೇಲ್ಖರ್ಚು'. ಯಾರಿಗೆ, ಏತಕ್ಕೆ ಎಂಬ ವಿವರವಿಲ್ಲ. ಎಣ್ಣೆಗೆ ಕೊಟ್ಟ ಆರಾಣೆಯನ್ನೂ ಅಂಗಡಿಯವನ ಹೆಸರು ಹಿಡಿದು ಬರೆಯುತ್ತಿದ್ದ ಮನುಷ್ಯ ಇಲ್ಲಿ ಮಾತ್ರ ಮೌನವಾಗಿದ್ದಾರೆ. ಆ ಮೌನದ ಅರ್ಥ ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಮೂಲ ಊರು ಹುಕ್ಕೇರಿ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಯ ಮೇಲೆ ಇತ್ತು. ಹಿಡಕಲ್ಲಿನಲ್ಲಿ ಅಣೆಕಟ್ಟು ಎದ್ದು 1977ರಲ್ಲಿ ಜಲಾಶಯ ಪೂರ್ಣಗೊಂಡಾಗ ನಮ್ಮ ಹೊಲ ನೀರಿನಡಿ ಹೋಯಿತು. ಪರಿಹಾರದ ಹಣದಲ್ಲಿ ತಂದೆಯವರು ಮೂಡಲಗಿಯ ಬಳಿ ನಾಲ್ಕು ಎಕರೆ ಕೊಂಡರು. ಮೂಡಲಗಿ ಆಗ ಗೋಕಾಕ ತಾಲೂಕಿನ ಭಾಗ. ಅದು ಸ್ವತಂತ್ರ ತಾಲೂಕಾದದ್ದು 2018ರಲ್ಲಿ. ನಾನು ಗೋಕಾಕದಲ್ಲಿ ಇತಿಹಾಸದ ಮಾಸ್ತರನಾಗಿ ನಿವೃತ್ತನಾದೆ. ಹೀಗೆ ಈ ವಹಿ ಮೂರು ಊರುಗಳ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದೆ.

ಮೇಲೆ ಕುಳಿತವರು ಬದಲಾದರೆ ಕೆಳಗಿನ ಭ್ರಷ್ಟಾಚಾರವೂ ಬದಲಾಗುತ್ತದೆಯೆ? ಪ್ರತಿ ಚುನಾವಣೆಯ ಹೊತ್ತಿಗೆ ನಾವು ಹೌದೆಂದು ನಂಬುತ್ತೇವೆ. ಆ ನಂಬಿಕೆಯನ್ನು ನಾನು ಈ ವಹಿಯ ಪಕ್ಕದಲ್ಲಿಟ್ಟು ನೋಡಿದೆ.

ಮೊದಲ ಪುಟಗಳು ಮುಂಬಯಿ ರಾಜ್ಯದ ಕಾಲದವು. 1951ರ ಮೇ 1ರಿಂದ ಮುಂಬಯಿ ಸರಕಾರ ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ವಂಶಪಾರಂಪರ್ಯವಾಗಿ ಊರಿನ ಲೆಕ್ಕ ಬರೆಯುತ್ತಿದ್ದವರ ಜಾಗಕ್ಕೆ ಸಂಬಳದ ತಲಾಠಿ ಬಂದ. ಸುಗ್ಗಿಯಲ್ಲಿ ಕುಲಕರ್ಣಿಯ ಮನೆಗೆ ಕಾಳು ಕಳಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಅದನ್ನು ಯಾರೂ ಲಂಚವೆನ್ನುತ್ತಿರಲಿಲ್ಲ. ಸಂಬಳದ ನೌಕರ ಬಂದ ಮೇಲೂ ಕಾಳು ನಿಲ್ಲಲಿಲ್ಲ. ಆದರೆ ಕೊಡುವವನಿಗೂ ಕೊಳ್ಳುವವನಿಗೂ ಅದು ಹೆಸರಿಡಲಾಗದ ವಸ್ತುವಾಯಿತು. ಕಾನೂನು ವ್ಯವಸ್ಥೆಯನ್ನು ಬದಲಿಸಿತ್ತು, ಕೈಯ ಅಭ್ಯಾಸವನ್ನಲ್ಲ. 'ಮೇಲ್ಖರ್ಚು' ಎಂಬ ಶಬ್ದ ನಮ್ಮ ವಹಿಯನ್ನು ಪ್ರವೇಶಿಸಿದ್ದು ಆಗ.

1952ರಿಂದ 1956ರ ಅಕ್ಟೋಬರ್ 31ರ ವರೆಗೆ ಆ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. ಮರುದಿನ ಗೋಕಾಕ, ಹುಕ್ಕೇರಿಗಳು ವಿಶಾಲ ಮೈಸೂರನ್ನು ಸೇರಿದವು. ಈ ಹೆಸರನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಕಥೆಯಲ್ಲಿ ಅವರು ಮತ್ತೆ ಮತ್ತೆ ಬರುತ್ತಾರೆ.

1962ರಲ್ಲಿ, ನೆಹರೂ ಅವರ ಕಾಲದಲ್ಲಿಯೇ, ಭ್ರಷ್ಟಾಚಾರ ನಿವಾರಣೆಯ ದಾರಿ ಸೂಚಿಸಲು ಸಂತಾನಂ ಸಮಿತಿ ನೇಮಕವಾಯಿತು. 1964ರ ಫೆಬ್ರವರಿಯಲ್ಲಿ ಕೇಂದ್ರ ಜಾಗೃತ ಆಯೋಗ ಅಸ್ತಿತ್ವಕ್ಕೆ ಬಂತು. ಅದರ ಮೊದಲ ಆಯುಕ್ತರು ಕನ್ನಡಿಗರಾದ ನಿಟ್ಟೂರು ಶ್ರೀನಿವಾಸರಾಯರು. ಸಾಹಿತ್ಯಾಸಕ್ತರು ಅವರನ್ನು ಸತ್ಯಶೋಧನ ಪುಸ್ತಕ ಭಂಡಾರದ ಸ್ಥಾಪಕರೆಂದೂ ಬಲ್ಲರು. 1965ರಲ್ಲಿ ಮೈಸೂರು ರಾಜ್ಯವೂ ತನ್ನದೇ ಜಾಗೃತ ಆಯೋಗವನ್ನು ರಚಿಸಿಕೊಂಡಿತು. 1966ರಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದವರು ಅದೇ ಮೊರಾರ್ಜಿ. ಲೋಕಪಾಲ, ಲೋಕಾಯುಕ್ತ ಎಂಬ ಎರಡು ಹುದ್ದೆಗಳು ಬೇಕೆಂದು ಆ ಆಯೋಗ ಅದೇ ವರ್ಷ ಶಿಫಾರಸು ಮಾಡಿತು. ಮರುವರ್ಷ ಮೊರಾರ್ಜಿ ಉಪಪ್ರಧಾನಿಯಾದಾಗ ಆ ಸ್ಥಾನಕ್ಕೆ ಬಂದವರು ನಮ್ಮ ಕೆಂಗಲ್ ಹನುಮಂತಯ್ಯನವರು.

ಇಲ್ಲಿಂದ ಮುಂದಿನದು ಒಂದು ಮಸೂದೆಯ ಪಾಡು. 1968ರಲ್ಲಿ ಮಂಡಿಸಿದ ಲೋಕಪಾಲ ಮಸೂದೆಯನ್ನು ಲೋಕಸಭೆ 1969ರಲ್ಲಿ ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಅದು ತೀರ್ಮಾನವಾಗುವ ಮೊದಲೇ, 1970ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಸಲಹೆಯ ಮೇರೆಗೆ ಲೋಕಸಭೆ ವಿಸರ್ಜನೆಯಾಯಿತು, ಮಸೂದೆಯೂ ಬಿದ್ದುಹೋಯಿತು. 1977ರಲ್ಲಿ ಮೊರಾರ್ಜಿ ಸ್ವತಃ ಪ್ರಧಾನಿಯಾಗಿ ತಮ್ಮ ಹಳೆಯ ಶಿಫಾರಸನ್ನು ಮತ್ತೆ ಮಸೂದೆಯಾಗಿ ತಂದರು. 1979ರ ಜುಲೈಯಲ್ಲಿ ಅವರ ಸರಕಾರ ಉರುಳಿತು, ಆಗಸ್ಟಿನಲ್ಲಿ ಲೋಕಸಭೆ ವಿಸರ್ಜನೆಯಾಯಿತು, ಮಸೂದೆ ಮತ್ತೆ ಹಾಗೆಯೇ ಸತ್ತಿತು. ಕೊನೆಗೆ ಕಾನೂನಾದದ್ದು 2013ರಲ್ಲಿ. ಮೊದಲ ಲೋಕಪಾಲರು ನೇಮಕವಾದದ್ದು 2019ರಲ್ಲಿ. ಶಿಫಾರಸಿಗೂ ನೇಮಕಕ್ಕೂ ನಡುವೆ 53 ವರ್ಷ.

1977ರಲ್ಲಿ ಇನ್ನೊಂದು ಘಟನೆ ನಡೆಯಿತು. ದಿಲ್ಲಿಯಲ್ಲಿ ಜನತಾ ಸರಕಾರ, ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ದೇವರಾಜ ಅರಸರು. ಅರಸರ ಮೇಲಿನ ಆರೋಪಗಳ ವಿಚಾರಣೆಗೆ ರಾಜ್ಯ ಸರಕಾರ ಮೇ 18ರಂದು ತಾನೇ ಒಂದು ಆಯೋಗ ನೇಮಿಸಿತು. ಐದೇ ದಿನಗಳಲ್ಲಿ, ಮೇ 23ರಂದು, ಕೇಂದ್ರ ಸರಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ಆಯೋಗವನ್ನು ಘೋಷಿಸಿತು. 1973ರಲ್ಲಿ ಸುಪ್ರೀಂ ಕೋರ್ಟಿನ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಹಿಂದಕ್ಕೆ ತಳ್ಳಿ ಇಂದಿರಾ ಸರಕಾರ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತ್ತಷ್ಟೆ. ಆ ಮೂವರಲ್ಲಿ ಗ್ರೋವರ್ ಒಬ್ಬರು, ಕರ್ನಾಟಕದ ಕೆ.ಎಸ್. ಹೆಗ್ಡೆ ಇನ್ನೊಬ್ಬರು. ಕೇಂದ್ರಕ್ಕೆ ಈ ಅಧಿಕಾರವಿಲ್ಲವೆಂದು ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಳು ನ್ಯಾಯಮೂರ್ತಿಗಳ ಪೀಠ 1977ರ ನವೆಂಬರಿನಲ್ಲಿ ರಾಜ್ಯದ ದಾವೆಯನ್ನು ವಜಾ ಮಾಡಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ತೀರಿತು. ಆದರೆ ರಾಜಕೀಯದ ಗತಿ ಬೇರೆಯೇ ಆಯಿತು. 1978ರ ಫೆಬ್ರವರಿಯ ಚುನಾವಣೆಯಲ್ಲಿ ಅರಸರು ಗೆದ್ದು ಮರಳಿದರು. 1980ರ ಜನವರಿಯಲ್ಲಿ ಅವರು ಅಧಿಕಾರ ಬಿಟ್ಟದ್ದು ಆಯೋಗದ ಕಾರಣಕ್ಕಲ್ಲ; ಇಂದಿರಾ ಅವರಿಂದ ಬೇರೆಯಾದ ಮೇಲೆ, ಅವರು ದಿಲ್ಲಿಗೆ ಮರಳಿದ ಗಳಿಗೆಯಲ್ಲಿ ಶಾಸಕರು ಕೈಬಿಟ್ಟ ಕಾರಣಕ್ಕೆ. ವಿಚಾರಣೆಗೆ ಒಳಗಾದ ವ್ಯಕ್ತಿ ತಪ್ಪಿತಸ್ಥನೆ ಅಲ್ಲವೆ ಎಂಬುದಕ್ಕಿಂತ, ವಿಚಾರಣೆ ನಡೆಸುವವನು ಯಾರ ಕಡೆಯವನು ಎಂಬುದೇ ಜನರ ಬಾಯಲ್ಲಿ ಮುಖ್ಯವಾಯಿತು. ಹೊಸ ನಾಯಕ ಹಳೆಯ ನಾಯಕನ ಮೇಲೆ ಹೂಡುವ ವಿಚಾರಣೆಗೆ ಈ ದೋಷ ಅಂಟಿಕೊಂಡೇ ಇರುತ್ತದೆ.

ಇದೇ ವರ್ಷಗಳಲ್ಲಿ ನಮ್ಮ ವಹಿ ಏನು ಹೇಳುತ್ತದೆ? ಹೊಲದ ಪರಿಹಾರಕ್ಕಾಗಿ ತಂದೆಯವರು ಅಲೆದಾಡಿದ ಕಾಲವದು. 1974ರಲ್ಲಿ, 'ಮೇಲ್ಖರ್ಚು 10'. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, 'ಮೇಲ್ಖರ್ಚು 25'. 1978ರಲ್ಲಿ, 'ಮೇಲ್ಖರ್ಚು 15'. ಯಾವ ಕಚೇರಿಯೆಂದು ಅವರು ಬರೆದಿಲ್ಲ, ನಾನೂ ಊಹಿಸುವುದಿಲ್ಲ. ಒಂದು ಮನೆಯ ಲೆಕ್ಕದಿಂದ ಒಂದು ರಾಜ್ಯದ ಇತಿಹಾಸ ಬರೆಯಲಾಗದೆಂಬುದನ್ನು ನಾನು ವಿದ್ಯಾರ್ಥಿಗಳಿಗೆ ಕಲಿಸಿದವನೇ. ಆದರೂ ಈ ಮೂರು ಅಂಕಿಗಳು ನನ್ನನ್ನು ಬಹಳ ದಿನ ಕಾಡಿದವು. ತುರ್ತುಪರಿಸ್ಥಿತಿಯಲ್ಲಿ ನೌಕರರು ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದರೆಂದು ಹಿರಿಯರು ಇಂದಿಗೂ ಹೊಗಳುವುದುಂಟು. ಬರುತ್ತಿದ್ದರು, ನಿಜ. ಭಯದಿಂದ ಲಂಚ ನಿಲ್ಲಲಿಲ್ಲ, ಅಪಾಯದ ಬೆಲೆಯೂ ಅದಕ್ಕೆ ಕೂಡಿತು. ಭಯ ಕಳೆದಾಗ ದರ ಇಳಿಯಿತು, ಬಾಬು ಉಳಿಯಿತು. ದಿಲ್ಲಿಯಲ್ಲಿ ಪ್ರಧಾನಿ ಬದಲಾದದ್ದು ನಮ್ಮ ಮನೆಯ ವಹಿಗೆ ತಿಳಿದದ್ದು ಇಷ್ಟೇ: ಹತ್ತು ರೂಪಾಯಿಯ ಇಳಿತ.

1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಅವರ ಕಾಲದ ಲೋಕಾಯುಕ್ತ ಕಾಯಿದೆ 1986ರ ಜನವರಿಯಲ್ಲಿ ಜಾರಿಗೆ ಬಂತು. ಹಳೆಯ ಜಾಗೃತ ಆಯೋಗ ಕೊನೆಗೊಂಡಿತು. ಹದಿನೈದು ವರ್ಷ ಆ ಸಂಸ್ಥೆಯ ಹೆಸರು ಹಳ್ಳಿಗಳಲ್ಲಿ ಹೆಚ್ಚು ಕೇಳಿಬರಲಿಲ್ಲ. 2001ರಲ್ಲಿ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾದ ಮೇಲೆ ದಾಳಿಗಳ ಸುದ್ದಿ ಮನೆಮಾತಾಯಿತು. ಕಾಯಿದೆ ಅದೇ, ಕಟ್ಟಡವೂ ಅದೇ. ಕುಳಿತ ವ್ಯಕ್ತಿ ಬೇರೆ. ವ್ಯಕ್ತಿಯಿಂದ ಏನಾಗಬಹುದೆಂಬುದಕ್ಕೆ ಇದು ನಿದರ್ಶನ. ವರ್ಗದಲ್ಲಿ ಪತ್ರಿಕೆ ಓದಿ ಹೇಳಿ ನಾನು ಹುಡುಗರಿಂದ ಚಪ್ಪಾಳೆ ಹೊಡೆಸಿದ್ದೇನೆ.

ಅದೇ ಕಾಲದ ನನ್ನ ಕಥೆಯೊಂದನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. ತಂದೆಯವರು ತೀರಿಕೊಂಡ ಬಳಿಕ, 2004ರಲ್ಲಿ, ಹೊಲಕ್ಕೆ ನಮ್ಮ ವಾರಸಾ ದಾಖಲಾಗಬೇಕಿತ್ತು. ಅರ್ಜಿ ಕೊಟ್ಟೆ. ನಾಲ್ಕು ಸಲ ಹೋದೆ. ಐದನೆಯ ಸಲ ಕಿಸೆಯಿಂದ ಹಣ ತೆಗೆದು ಕೊಟ್ಟೆ. ಯಾರೂ ನನ್ನ ಮುಂದೆ ಬಾಯಿ ಬಿಟ್ಟು ಕೇಳಿರಲಿಲ್ಲ. ಮನೆಗೆ ಬಂದು, ತಂದೆಯವರ ವಹಿಯ ಉಳಿದ ಹಾಳೆಯಲ್ಲಿ, ನನ್ನ ಅಕ್ಷರದಲ್ಲಿ 'ಮೇಲ್ಖರ್ಚು' ಎಂದು ಬರೆದೆ. ಬರೆದಾಗ ಅವರ ಮೌನ ನನಗೆ ಪೂರ್ತಿ ಅರ್ಥವಾಯಿತು. ಆ ದಿನದ ಪತ್ರಿಕೆಯಲ್ಲಿಯೂ ಒಂದು ದಾಳಿಯ ಸುದ್ದಿ ಇತ್ತು.

ಆದರೆ ಅದೇ ಪುಸ್ತಕದಲ್ಲಿ, ಮೂರು ವರ್ಷ ಹಿಂದಿನ ಪುಟದಲ್ಲಿ, ತಂದೆಯವರ ನಡುಗುವ ಕೈಬರಹದ ಇನ್ನೊಂದು ಸಾಲಿದೆ: 'ಕಂಪ್ಯೂಟರ ಉತಾರ, 15'. ಅದರ ಕೆಳಗೆ ಮೇಲ್ಖರ್ಚು ಇಲ್ಲ. ಐವತ್ತು ವರ್ಷಗಳಲ್ಲಿ ಉತಾರದ ಕೆಳಗೆ ಆ ಶಬ್ದ ಇಲ್ಲದ ಮೊದಲ ಸಾಲು ಅದು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದ ಕಾಲ. ಗೋಕಾಕದ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ತಲಾಠಿಯ ಮನೆ ಹುಡುಕುವ ಅಗತ್ಯವಿರಲಿಲ್ಲ. ಎಸ್.ಎಂ. ಕೃಷ್ಣ ಅವರ ಸರಕಾರ ಅದನ್ನು ಪೂರೈಸಿತು. ಆದರೆ ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಹಣ ಕೊಡಲಾರಂಭಿಸಿದ್ದು 1988-89ರಲ್ಲಿ. ಅಲ್ಲಿಂದ ಇಲ್ಲಿಯ ತನಕ ಏಳು ಜನ ಪ್ರಧಾನಿಯ ಪೀಠದಲ್ಲಿ ಕುಳಿತಿದ್ದರು. ಲೋಕಪಾಲ ಮಸೂದೆಯನ್ನು ಪದೇ ಪದೇ ನುಂಗಿದ ಅದೇ ಅಸ್ಥಿರ ಕಾಲ ಈ ಸಣ್ಣ ಯೋಜನೆಯನ್ನು ನುಂಗಲಿಲ್ಲ. 2004ರಲ್ಲಿ ಕೃಷ್ಣ ಅವರು ಹೋದರು, ಕಿಟಕಿ ಮುಚ್ಚಲಿಲ್ಲ. ಅದು ಯಾವ ನಾಯಕನ ಶತ್ರುವೂ ಆಗಿರಲಿಲ್ಲವೆಂಬುದು ಒಂದು ಕಾರಣ. ಒಮ್ಮೆ ತೆರೆದ ಕಿಟಕಿಗೆ ಪ್ರತಿದಿನವೂ ನೂರು ಜನ ಬರುತ್ತಾರೆ, ಅವರೇ ಅದರ ಕಾವಲುಗಾರರು ಎಂಬುದು ಇನ್ನೊಂದು.

ಹಾಗಾದರೆ ನನ್ನ ವಾರಸಾಕ್ಕೆ ಹಣ ಏಕೆ ಬೇಕಾಯಿತು? ಅಲ್ಲಿ ಇನ್ನೂ ಒಬ್ಬ ಮನುಷ್ಯನ ಒಪ್ಪಿಗೆಗೆ ಕಾಯಬೇಕಿತ್ತು. ಯಂತ್ರ ತಲುಪಿದಲ್ಲಿ ಮೇಲ್ಖರ್ಚು ನಿಂತಿತು. ಕಾಯುವಿಕೆ ಉಳಿದಲ್ಲಿ ಅದೂ ಉಳಿಯಿತು.

ಮುಂದಿನ ಕಥೆ ನಿಮಗೆ ಗೊತ್ತಿದ್ದದ್ದೇ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆ, ಅಂದರೆ 1973ರಲ್ಲಿ ಹಿಂದೆ ತಳ್ಳಲ್ಪಟ್ಟ ಆ ಕೆ.ಎಸ್. ಹೆಗ್ಡೆಯವರ ಮಗ, 2011ರ ಜುಲೈ 27ರಂದು ಬಳ್ಳಾರಿ ಗಣಿಗಾರಿಕೆಯ ವರದಿ ಕೊಟ್ಟರು. ನಾಲ್ಕು ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಆ ವರದಿಯ ಆಧಾರದ ಮೇಲೆ ಅವರ ವಿರುದ್ಧ ದಾಖಲಾದ ಪ್ರಕರಣವನ್ನು 2012ರಲ್ಲಿ ಹೈಕೋರ್ಟು ರದ್ದುಗೊಳಿಸಿತು. 2016ರ ಮಾರ್ಚಿನಲ್ಲಿ ಸಿದ್ದರಾಮಯ್ಯನವರ ಸರಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೆ ಸಂಸ್ಥೆ ರಚಿಸಿತು. ಲೋಕಾಯುಕ್ತ ಪೊಲೀಸರ ಅಧಿಕಾರ ಅತ್ತ ಹೋಯಿತು. ಆಮೇಲೆ ಸಮ್ಮಿಶ್ರ ಸರಕಾರ ಬಂತು, ಭಾರತೀಯ ಜನತಾ ಪಕ್ಷದ ಸರಕಾರ ಬಂತು, ಮುಖ್ಯಮಂತ್ರಿಗಳು ಬದಲಾದರು. ಯಾರೂ ಆ ಆದೇಶವನ್ನು ಹಿಂದಕ್ಕೆ ಪಡೆಯಲಿಲ್ಲ. 2022ರ ಆಗಸ್ಟಿನಲ್ಲಿ ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿದ್ದು ಹೈಕೋರ್ಟು. ವಿರೋಧ ಪಕ್ಷದಲ್ಲಿದ್ದಾಗ ಹರಿತವಾದ ಕತ್ತಿ ಬೇಕೆನಿಸುತ್ತದೆ. ಗಾದಿಯ ಮೇಲೆ ಕುಳಿತಾಗ ಅದು ಒರೆಯಲ್ಲಿದ್ದರೇ ಚೆನ್ನ.

ಇದರಿಂದ ನಾಯಕರೆಲ್ಲ ಒಂದೇ ಎಂಬ ಸಿನಿಕತನಕ್ಕೆ ನಾನು ಬರುವುದಿಲ್ಲ. ಹಣ ಮಂಜೂರು ಮಾಡುವ ನಾಯಕನಿಲ್ಲದೆ ಆ ಕಿಟಕಿಯೂ ತೆರೆಯುತ್ತಿರಲಿಲ್ಲ. ನಾನು ಹೇಳುವುದು ಇಷ್ಟೇ: ನಾಯಕ ತನ್ನ ಕೈಯಲ್ಲಿ ಹಿಡಿದದ್ದು ಅವನೊಂದಿಗೇ ಹೋಗುತ್ತದೆ; ಕಚೇರಿಯ ದಿನನಿತ್ಯದ ರೂಢಿಗೆ ಇಳಿಸಿದ್ದು ಉಳಿಯುತ್ತದೆ. ಮತ ಕೇಳಲು ಬಂದವರಿಗೆ 'ಯಾರನ್ನು ಜೈಲಿಗೆ ಕಳಿಸುತ್ತೀರಿ' ಎಂದು ಕೇಳುವುದರ ಜೊತೆಗೆ, 'ಯಾವ ಕಾಯುವಿಕೆಯನ್ನು ಕಡಿಮೆ ಮಾಡುತ್ತೀರಿ' ಎಂದೂ ಕೇಳಬೇಕು.

ಇತ್ತೀಚೆಗೆ ಹೊಲದ ಮೋಜಣಿಗೆ ಅರ್ಜಿ ಹಾಕಿದ್ದೆ. ಈಗ ಮೂಡಲಗಿಯೇ ನಮ್ಮ ತಾಲೂಕು. ಶುಲ್ಕ ಕಟ್ಟಿದೆ, ರಸೀದಿ ಬಂತು, ಕಾದೆ. ನಾಲ್ಕು ತಿಂಗಳು ತಡವಾಯಿತು. ನಾನು ಕೈ ಬಿಚ್ಚದಿದ್ದುದೇ ತಡಕ್ಕೆ ಕಾರಣವೆಂದು ಹೇಳಲಾರೆ, ಕೆಲಸ ಹೆಚ್ಚಿದ್ದಿರಬಹುದು. ಕಲ್ಲು ನೆಟ್ಟು ಅವರು ಹೋದ ಸಂಜೆ ಆರನೆಯ ವಹಿಯನ್ನು ತೆರೆದು ಶುಲ್ಕದ ಮೊತ್ತವನ್ನು ಬರೆದೆ. ಅದರ ಕೆಳಗಿನ ಸಾಲನ್ನು ಖಾಲಿ ಬಿಟ್ಟೆ.