ಬಾಂಧವ್ಯ ಶೈಲಿ

ಎಳೆಗೂಸು ತನ್ನನ್ನು ಸಾಕುವವರೊಡನೆ ಬೆಳೆಸಿಕೊಳ್ಳುವ ನಂಟಿನ ರೀತಿ. ದೊಡ್ಡವರಾದ ಮೇಲೆ ಸ್ನೇಹ, ದಾಂಪತ್ಯಗಳಲ್ಲೂ ಇದರ ಛಾಯೆ ಕಾಣುತ್ತದೆ. ಸಿದ್ಧಾಂತ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯದು (1907–90).

ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಕೂಸುಗಳನ್ನು ಗಮನಿಸಿದರು. ಅವರ ಪರೀಕ್ಷೆ ಸರಳ: ತಾಯಿ ಕೋಣೆಯಿಂದ ಹೊರಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಮರಳುತ್ತಾಳೆ. ಅತ್ತರೂ ಎತ್ತಿಕೊಂಡೊಡನೆ ಸಮಾಧಾನಗೊಂಡು ಮತ್ತೆ ಆಟಕ್ಕಿಳಿಯುವ ಮಗು ಸುಭದ್ರ ಶೈಲಿಯದು. ಮುಖ ತಿರುಗಿಸುವುದು ದೂರ ಸರಿಯುವ ಶೈಲಿ. ಅಪ್ಪಿಕೊಂಡೇ ಕೊಸರಾಡುವುದು ಆತಂಕದ್ದು. ಪ್ರೇಮ ಸಂಬಂಧಗಳಿಗೆ ಈ ಶೈಲಿಗಳನ್ನು 1987ರಲ್ಲಿ ಅನ್ವಯಿಸಿದವರು ಮನೋವಿಜ್ಞಾನಿಗಳಾದ ಹೇಜನ್ ಮತ್ತು ಶೇವರ್.

ಆತಂಕದ ಶೈಲಿಯವರು ಉತ್ತರ ತಡವಾದರೆ ಕಂಗಾಲಾಗುತ್ತಾರೆ, ದೂರ ಸರಿಯುವವರು ಜಗಳ ಬಂದಾಗ ಮಾತೇ ನಿಲ್ಲಿಸುತ್ತಾರೆ. ಈ ಎರಡು ಬಗೆಯ ಅಭದ್ರ ಶೈಲಿಗೂ ಖಿನ್ನತೆಗೂ ನಂಟಿದೆ. ಹಾಗೆಂದು ಅದೇ ಕಾಯಿಲೆಯಲ್ಲ, ಬದಲಾಗದ್ದೂ ಅಲ್ಲ.

ತಾಯಿಯೊಬ್ಬಳನ್ನೇ ನಡುವಿಟ್ಟ ಈ ಅಳತೆಗೋಲು ಬೀದರ್ ಜಿಲ್ಲೆಯ ಹುಮನಾಬಾದ್ ಸೀಮೆಯ ಘಾಟಬೋರಾಳದಂಥ ಊರಿಗೆ ಹಾಗೇ ಒಗ್ಗದು. ಈ ಜಿಲ್ಲೆಯಿಂದ ಹೈದರಾಬಾದಿಗೆ ದುಡಿಯಲು ಹೋದವರ ಮಕ್ಕಳನ್ನು ಊರಲ್ಲೇ ಅಜ್ಜಿ, ಕಾಕಿಯರು ಸಾಕುವುದುಂಟು. ಕೂಸಿಗೆ ಒಂದಕ್ಕಿಂತ ಹೆಚ್ಚು ಆಸರೆ ಇರಬಲ್ಲದೆಂದು ಬೌಲ್ಬಿಯೇ ಒಪ್ಪಿದ್ದರು.

ನಂಟುಗಳ ತೊಳಲಾಟದಲ್ಲಿ ನೆರವು ಬೇಕಾದವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ (14416) ಕನ್ನಡದಲ್ಲೂ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಉನ್ನತ ಕೇಂದ್ರ.